ನಾಲ್ಕನೆಯ ಮರಿ

ಸಲೂನಿನ ಹಿಂದಿನ ಕೋಣೆ,
ಹದಿನೇಳನೇ ತಾರೀಕು, ಮಂಗಳವಾರ (ಅಂಗಡಿಗೆ ರಜೆ)

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ? ಹೊಲಿಗೆಯ ನೋವು ಕಡಿಮೆಯಾಯಿತೇ? ರಕ್ತ ಹೆಚ್ಚಲೆಂದು ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದೀಯೋ, ಇಲ್ಲಿದ್ದಾಗಿನಂತೆ ದಿಂಬಿನ ಕೆಳಗೆ ಸೇರಿಸುತ್ತಿದ್ದೀಯೋ? ಫೋನ್ ಮಾಡಿದಾಗಲೆಲ್ಲ ನಿನ್ನ ಅಕ್ಕನೇ ಎತ್ತಿ "ಮಲಗಿದ್ದಾಳೆ" ಅನ್ನುತ್ತಾರೆ. ನೀನು ಎಚ್ಚರವಾಗಿದ್ದೀಯೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಅದಕ್ಕೇ ಈ ಕಾಗದ. ನಮ್ಮ ಮಗು ಉಸಿರಾಡದೆ ಹುಟ್ಟಿ, ನಾವಿಬ್ಬರೂ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು, ಮೂರನೆಯ ದಿನ ನೀನು ಅಕ್ಕನ ಮನೆಗೆ ಹೊರಟುಹೋಗಿ ಇವತ್ತಿಗೆ ನಲವತ್ತೊಂದು ದಿನ. ಮೇಲಿನ ಮನೆಗೆ ನಾನು ಸ್ನಾನಕ್ಕೆ ಮಾತ್ರ ಹೋಗುತ್ತೇನೆ. ನಿನ್ನ ಬಾಚಣಿಗೆಯಲ್ಲಿ ಒಂದು ಎಳೆ ಕೂದಲು ಹಾಗೇ ಇದೆ. ದಿನವಿಡೀ ಊರಿನವರ ಕೂದಲು ಗುಡಿಸಿ ಹಾಕುವವನಿಗೆ ಅದೊಂದನ್ನು ತೆಗೆದು ಎಸೆಯಲು ಕೈ ಬರುತ್ತಿಲ್ಲ.

ಈಗ ಸುದ್ದಿ. ನೀನು ಬ್ರೆಡ್ಡಿನ ಅಂಚು ಹಾಕುತ್ತಿದ್ದ ಕಂದು ನಾಯಿ, ನಡೆಯುವ ಗತ್ತು ನೋಡಿ 'ಮೇಡಂ' ಎಂದು ಹೆಸರಿಟ್ಟಿದ್ದೆಯಲ್ಲ, ಅದು ಹದಿನೇಳು ದಿನದ ಹಿಂದೆ ಇದೇ ಕೋಣೆಯಲ್ಲಿ, ಮುರಿದ ಕುರ್ಚಿಯ ಹಿಂದೆ, ಒಗೆಯಲು ಹಾಕಿದ್ದ ಟವೆಲ್ಲುಗಳ ರಾಶಿಯ ಮೇಲೆ ಮರಿ ಹಾಕಿತು. ನಾಲ್ಕು. ಒಂದೊಂದೂ ಅಂಗೈಯಗಲ. ನನಗೆ ತಲೆಬುಡ ತಿಳಿಯದೆ ಪಕ್ಕದ ಬೀದಿಯ ಪ್ರಾಣಿ ಡಾಕ್ಟರಮ್ಮನನ್ನು ಕರೆತಂದೆ. ಆಕೆ ಮಂಡಿಯೂರಿ ಕೂತು ಒಂದೊಂದನ್ನೇ ಎತ್ತಿ ನೋಡಿದರು. "ಕಣ್ಣೂ ತೆರೆದಿಲ್ಲ, ಕಿವೀನೂ ಕೇಳಲ್ಲ. ಮೈ ಬಿಸಿ ಇಟ್ಕೊಳ್ಳೋಕೂ ಬರಲ್ಲ ಇವಕ್ಕೆ. ಸದ್ಯಕ್ಕೆ ಅಮ್ಮನೇ ಎಲ್ಲ" ಎಂದರು.

ಮೂರು ಮರಿಗಳು ಗಟ್ಟಿ. ನಾಲ್ಕನೆಯದು ಅವುಗಳ ಅರ್ಧದಷ್ಟೂ ಇರಲಿಲ್ಲ. ಮೊಲೆ ಹುಡುಕಿಕೊಂಡು ಹೋದರೆ ಉಳಿದವು ತುಳಿದುಕೊಂಡು ಮುಂದೆ ಹೋಗುತ್ತಿದ್ದವು, ಮೇಡಂ ಕೂಡ ಅದನ್ನು ಮೂತಿಯಿಂದ ಪಕ್ಕಕ್ಕೆ ಸರಿಸುತ್ತಿತ್ತು. ಮುಟ್ಟಿದರೆ ತಣ್ಣಗೆ. ಹಾಲು ಕುಡಿಸಲು ಹೊರಟವನನ್ನು ಡಾಕ್ಟರಮ್ಮ ತಡೆದರು. ಮೈ ತಣ್ಣಗಿರುವಾಗ ಕುಡಿಸಿದರೆ ಅರಗುವುದಿಲ್ಲವಂತೆ. ಮೊದಲು ಬಿಸಿ, ಆಮೇಲೆ ಹಾಲು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟೆ, ಕೂದಲು ಒಣಗಿಸುವ ಯಂತ್ರವನ್ನು ದೂರದಿಂದ ಹಿಡಿದೆ. ಮೈ ಬೆಚ್ಚಗಾದ ಮೇಲೆ ಆಕೆ ಕೊಟ್ಟ ಮರಿಗಳ ಹಾಲಿನ ಪುಡಿ ಕಲಸಿ ಡ್ರಾಪರಿನಲ್ಲಿ ಒಂದೊಂದೇ ಹನಿ ಬಿಡತೊಡಗಿದೆ. ಆಕೆ ಗಾಬರಿಯಾದರು. "ಮಗು ಥರ ಅಂಗಾತ ಹಿಡೀಬೇಡಿ ಅಣ್ಣಾ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ. ಬೋರಲು ಹಿಡೀರಿ." ನಾನೇನು ಮಾಡಲಿ ಗುಬ್ಬಿ, ತಿಂಗಳುಗಟ್ಟಲೆ ದಿಂಬನ್ನು ತೋಳಲ್ಲಿಟ್ಟು ಅಭ್ಯಾಸ ಮಾಡಿದ ಕೈ. ಆಗ ಅದನ್ನು ನೋಡಿ ನೀನು ಬಿದ್ದು ಬಿದ್ದು ನಕ್ಕಿದ್ದೆ.

ಎರಡು ಗಂಟೆಗೊಮ್ಮೆ ಹಾಲು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯಡಿ ಮೆಲ್ಲಗೆ ಒರೆಸಬೇಕು, ಇಲ್ಲದಿದ್ದರೆ ಉಚ್ಚೆ ಹೊಯ್ಯಲೂ ಬರುವುದಿಲ್ಲ ಪಾಪಕ್ಕೆ. ಅರ್ಧ ಗಡ್ಡ ಕೆರೆದು ಬಿಟ್ಟುಹೋದ ನನಗಾಗಿ ನಿವೃತ್ತ ಪೋಸ್ಟ್‌ಮಾಸ್ಟರರು ನೊರೆ ಹಚ್ಚಿಕೊಂಡೇ ಕಾದು, "ಬೇಗ ಬಾರಯ್ಯಾ, ಕೆರೆದ ಕಡೆ ಮತ್ತೆ ಬೆಳೀತಾ ಇದೆ" ಎಂದು ಕೂಗುತ್ತಿದ್ದರು. ದಿನಾ ಬೆಳಿಗ್ಗೆ ಮರಿಗಳನ್ನು ಎದುರಿನ ತರಕಾರಿ ಅಂಗಡಿಗೆ ಒಯ್ದು ತೂಗಿಸುತ್ತಿದ್ದೆ. ಅಂಗಡಿಯಾಕೆ ತಕ್ಕಡಿಗೆ ಬಟ್ಟೆ ಹಾಸಿ, "ಇದ್ಯಾವ ತರಕಾರಿನಪ್ಪಾ, ಕಿತ್ತ ಮೇಲೂ ಬೆಳೀತಿದೆ" ಎನ್ನುತ್ತಿದ್ದಳು. ನಾಲ್ಕನೆಯದೂ ಒಂದು ವಾರ ಬೆಳೆಯಿತು. ನಾನು ಗೆದ್ದೆನೆಂದೇ ಅಂದುಕೊಂಡೆ.

ಎಂಟನೆಯ ದಿನ ತೂಕ ಇಳಿಯಿತು. ಒಂಬತ್ತನೆಯ ಬೆಳಿಗ್ಗೆ ಡ್ರಾಪರ್ ಬಾಯಿಗಿಟ್ಟರೆ ನಾಲಿಗೆ ಸುತ್ತಲಿಲ್ಲ. ಅಂಗಡಿಯಲ್ಲಿದ್ದ ಬಿಸಿಯೆಲ್ಲ ಅದಕ್ಕೆ ಕೊಟ್ಟೆ. ಉಜ್ಜಿದೆ, ಊದಿದೆ, ಅಂಗಿಯೊಳಗೆ ಎದೆಗೆ ಇಟ್ಟುಕೊಂಡೆ. ಡಾಕ್ಟರಮ್ಮ ಬಂದು ನನ್ನ ಕೈ ಹಿಡಿದು, "ಇನ್ನು ಬಿಡಿ ಅಣ್ಣಾ" ಎಂದರು. ಮೇಡಂ ಕಣ್ಣಿಗೆ ಬೀಳುವ ಮೊದಲೇ ಹೂತು ಬರೋಣವೆಂದು ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದ್ದೆ. ಡಾಕ್ಟರಮ್ಮ ಅಡ್ಡ ಬಂದರು. "ಹಾಗೇ ತೊಗೊಂಡು ಹೋಗ್ಬೇಡಿ. ಅದರ ಮುಂದೆ ಇಡಿ. ಮೂಸಲಿ, ನೆಕ್ಕಲಿ. ನೋಡದೇ ಇದ್ರೆ ಹುಡುಕ್ತಾನೇ ಇರುತ್ತೆ."

ಇಟ್ಟೆ. ಮೇಡಂ ಮೂಸಿತು. ಆಮೇಲೆ ಆಗ ತಾನೇ ಹುಟ್ಟಿತೇನೋ ಎಂಬಂತೆ ನೆತ್ತಿಯಿಂದ ಬಾಲದವರೆಗೆ ನೆಕ್ಕಿತು. ಒಂದು ಸಲವಲ್ಲ, ಎಷ್ಟೋ ಸಲ. ಸುಮಾರು ಒಂದು ಗಂಟೆ ಕಳೆದ ಮೇಲೆ ತಾನಾಗಿಯೇ ಮೈ ಹೊರಳಿಸಿ ಉಳಿದ ಮೂರಕ್ಕೆ ಮೊಲೆ ಕೊಟ್ಟು ಮಲಗಿತು. ನಾನು ಮುರಿದ ಕುರ್ಚಿಗೆ ಹಣೆ ಆನಿಸಿ ಅತ್ತೆ. ಆಸ್ಪತ್ರೆಯಲ್ಲಿ ಅಳದವನು ಇಲ್ಲಿ ದನಿ ತೆಗೆದು ಅತ್ತೆ. ಹೊರಗೆ ಕಾಯುತ್ತಿದ್ದ ಪೋಸ್ಟ್‌ಮಾಸ್ಟರರು ಬಾಗಿಲು ಮುಂದೆ ಎಳೆದುಕೊಂಡು ಹೋದರು.

ಮೂರು ಮರಿಗಳೂ ಈಗ ಕಣ್ಣು ಬಿಟ್ಟಿವೆ. ಹಾಲು ಬೆರೆಸಿದಂಥ ನೀಲಿ. ಎಲ್ಲ ಮಸುಕು ಮಸುಕಾಗಿ ಕಾಣುತ್ತದಂತೆ. ಕಿವಿ ಕೇಳಲು ಇನ್ನೂ ಮೂರ್ನಾಲ್ಕು ದಿನ ಬೇಕಂತೆ. ಅಷ್ಟರವರೆಗೆ ನಾನು ಅವುಗಳ ಜೊತೆಗೇ ಮಾತಾಡುತ್ತಿದ್ದೇನೆ. ಗಿರಾಕಿಗಳ ಹತ್ತಿರ ಈಗ ಹವಾಮಾನ ಬಿಟ್ಟರೆ ಬೇರೆ ಮಾತಿಲ್ಲ.

ಅಕ್ಕ, ಭಾವನಿಗೆ ನನ್ನ ನಮಸ್ಕಾರಗಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿನೀರನ್ನೇ ಕುಡಿ. ಚೆನ್ನಾಗಿರು.

ನಿನ್ನ
ಬಾಯಿಬಡುಕ

ಇನ್ನೊಂದು ಮಾತು: ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮಗುವನ್ನು ನಿನಗೆ ತೋರಿಸದೇ ಒಯ್ದದ್ದು ಆಸ್ಪತ್ರೆಯ ನಿಯಮ ಎಂದು ಹೇಳಿದ್ದೆ. ಸುಳ್ಳು. "ತಾಯಿಗೆ ತೋರಿಸಲಾ?" ಎಂದು ನರ್ಸ್ ಕೇಳಿದರು. ಬೇಡ ಎಂದವನು ನಾನು. ನೀನು ತಡೆದುಕೊಳ್ಳಲಾರೆ ಎಂದುಕೊಂಡೆ. ಆದರೆ ನಾನು ನೋಡಿದ್ದೇನೆ ಗುಬ್ಬಿ, ಅರ್ಧ ಗಂಟೆ ಎತ್ತಿಕೊಂಡಿದ್ದೆ. ತಲೆತುಂಬ ಕೂದಲಿತ್ತು, ಸುಳಿ ನಿನ್ನ ಹಾಗೇ ಬಲಕ್ಕೆ. ಎಡಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ. ಮುಂದಿನ ಮಂಗಳವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೇ ಕೂತು ಹೇಳುತ್ತೇನೆ. ಬೈಯಬೇಕೆನಿಸಿದಷ್ಟು ಬೈಯಿ, ಆದರೆ ಪೂರ್ತಿ ಕೇಳು. ಅವಳು ಹೇಗಿದ್ದಳೆಂದು ನಿನಗೆ ಹೇಳಬಲ್ಲವನು ನಾನೊಬ್ಬನೇ.