ಅಧ್ಯಕ್ಷರ ಹೆಸರೂ ಇರಲಿ

ಅಪ್ಪಾ,

ಇವತ್ತು ಟ್ರಿಪೋಲಿಯ ವ್ಯಾನು ಚಾಲಕರ ಸಂಘದ ಸಭೆಯಲ್ಲಿ ನೀನು ಕೂರುತ್ತಿದ್ದ ಜಾಗದಲ್ಲಿ ನಾನು ಕೂತಿದ್ದೆ. ಲಿರಾ ನೋಟಿನ ಬೆಲೆ ಕುಸಿದ ಮೇಲೆ ಬೈರೂತಿಗೆ ಹೋಗುವ ಜನರೇ ಇಲ್ಲ. ಅರ್ಧ ವ್ಯಾನುಗಳನ್ನು ಓಡಿಸದೆ ನಿಲ್ಲಿಸಬೇಕು ಎಂದರು ಅಧ್ಯಕ್ಷ ಅಬು ನಿಝಾರ್. ಎಲ್ಲರೂ ನನ್ನತ್ತ ತಿರುಗಿದರು.

"ಹನಾದಿ, ನಿಂದು ಮೊದ್ಲು ನಿಲ್ಸಮ್ಮ. ನಿಮ್ಮಪ್ಪ ತೀರ್ಕೊಂಡ, ನೀನು ನಾಳೆ ಮದ್ವೆ ಆಗೋಳು. ಇವರಿಗೆಲ್ಲ ಸಂಸಾರ ಇದೆ," ಎಂದರು ಅಧ್ಯಕ್ಷರೇ.

"ನನ್ನ ತಮ್ಮಂದಿರೇನು ಗಾಳಿ ಕುಡ್ಕೊಂಡು ಬದುಕ್ತಾರಾ ಚಿಕ್ಕಪ್ಪ? ಚೀಟಿ ಎತ್ತಿ. ನನ್ನ ಹೆಸರು ಬಂದ್ರೆ ನಿಲ್ಲಿಸ್ತೀನಿ. ಹೆಣ್ಣು ಅಂತ ಮಾತ್ರ ನಿಲ್ಸಲ್ಲ."

"ಬಾಯಿ ಥೇಟ್ ಅಪ್ಪಂದೇ!" ಎಂದು ಹಿಂದೆ ಯಾರೋ ನಕ್ಕರು. ಎದ್ದು ನಿಂತಿದ್ದ ನಾನು ಕೂರಲಿಲ್ಲ. ಕೊನೆಗೆ ಚೀಟಿ ಎತ್ತಿದರು. ಮೊದಲು ಬಂದದ್ದು ನನ್ನ ಹೆಸರೇ.

ಅಬು ನಿಝಾರ್ ಮುಗುಳ್ನಕ್ಕರು. "ಆಯ್ತು, ಈ ತಿಂಗಳು ನಿಲ್ಲಿಸ್ತೀನಿ," ಎಂದೆ. "ಆದ್ರೆ ಪ್ರತಿ ತಿಂಗಳೂ ಹೊಸದಾಗಿ ಚೀಟಿ ಎತ್ಬೇಕು. ಅಧ್ಯಕ್ಷರ ಹೆಸರೂ ಅದರಲ್ಲಿ ಇರ್ಬೇಕು." ಅವರ ನಗು ಮಾಯವಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು.

ಮನೆಗೆ ಬಂದು ವ್ಯಾನು ತೊಳೆದೆ, ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತೆ. ನೀನಿದ್ದಾಗ ಈ ಸೀಟಿಗೆ ನನ್ನನ್ನು ಒಮ್ಮೆಯೂ ಹತ್ತಿಸಲಿಲ್ಲ. ಹತ್ತಿಸಿದ್ದರೆ ಬೈರೂತಿನ ದಾರಿಯನ್ನು ಹೀಗೆ ಒಬ್ಬಳೇ ಅಲ್ಲ, ನಿನ್ನ ಪಕ್ಕದಲ್ಲೇ ಕಲಿಯುತ್ತಿದ್ದೆ.

ಹನಾದಿ