ಹಿಡಿದಿಟ್ಟ ಹಾಸಿಗೆ

ಮಾರ್ಚ್ 3. ಶೂಟಿಂಗ್ ದಿನ 20.
ಬೆಳಿಗ್ಗೆ ಆರಕ್ಕೇ ಹೀರೋಯಿನ್ ಉಗುರಿಗೆ ಮಣ್ಣು ತುಂಬುವ ಕೆಲಸ. ನಿನ್ನೆ ಯಾವ ಬೆರಳಿಗೆ ಎಷ್ಟಿತ್ತೋ ಇವತ್ತೂ ಅಷ್ಟೇ ಇರಬೇಕು. ಕಂಟಿನ್ಯುಟಿ ನೋಡಿಕೊಳ್ಳುವವಳ ಹಣೆಬರಹ. ಹಿಮ್ಮಡಿಯ ಗಾಯ ಬೇರೆ ಒಣಗುತ್ತಿದೆ. ಕೆಂಪು ಬಣ್ಣ ಹಚ್ಚಿ ಮತ್ತೆ ಹಸಿ ಮಾಡಿದೆ.

"ವಾಸಿ ಆಗೋಕೂ ಬಿಡಲ್ವಲ್ಲ ಅಕ್ಕಾ ನೀವು," ಎಂದು ನಕ್ಕಳು.

ಹೀರೋಯಿನ್ ಎಂದು ಹೆಸರಿಟ್ಟವರು ಲೈಟ್‌ನವರು. ಹದಿನೇಳು ವರ್ಷ. ನಿರ್ದೇಶಕರಿಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಸಿಕ್ಕವಳು. ಮನೆಯಿಲ್ಲದ ಹುಡುಗಿಯ ಸಿನಿಮಾ, ಆದ್ದರಿಂದ ಮನೆಯಿಲ್ಲದ ಹುಡುಗಿಯೇ ಬೇಕಂತೆ. ಲಾಡ್ಜ್‌ನಲ್ಲಿ ರೂಮು ಕೊಡಿಸಿ ಎಂದಿದ್ದೆ. "ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದ್ರೆ ಮುಖಾನೇ ಬದಲಾಗುತ್ತೆ ಮೇಡಂ," ಎಂದರು. ಈಗ ಬಟ್ಟೆ ವ್ಯಾನಿನಲ್ಲಿ ಮಲಗುತ್ತಾಳೆ. ನಾನೇ ಅಣ್ಣನ ಮನೆಯ ಹಾಲ್‌ನಲ್ಲಿ ಹಾಸಿ ಮಡಚುವವಳು, ಇನ್ನೊಬ್ಬರಿಗೆ ರೂಮು ಕೇಳುವ ಗತ್ತು ಎಲ್ಲಿಂದ ತರಲಿ?

ಮಾರ್ಚ್ 4. ದಿನ 21.
ಕೆಲಸ ಬೇಗ ಮುಗಿಯಿತು. ಕಡೆಯ ಸೀನಿಗೆ ಗೇಟು ನೋಡಲು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋದೆವು. ದಿಕ್ಕಿಲ್ಲದವರಿಗೆಂದೇ ಇರುವುದು. ಎಲ್ಲರೂ ಗೇಟು ನೋಡಿದರು. ಹೀರೋಯಿನ್ ಒಳಗಿನ ಮಂಚ ನೋಡುತ್ತಿದ್ದಳು. ತಡೆಯಲಾಗಲಿಲ್ಲ, ವಾರ್ಡನ್ನರನ್ನು ಕೇಳಿಯೇ ಬಿಟ್ಟೆ.

"ಒಂದೇ ಒಂದು ಹಾಸಿಗೆ ಖಾಲಿ ಇದೆ. ಇವತ್ತೇ ಸೇರಲಿ," ಎಂದರು. ಸೇರುವಾಗ ಹೇನಿನ ಕಾಟಕ್ಕೆ ಕೂದಲು ಕತ್ತರಿಸುತ್ತಾರಂತೆ. ನಿರ್ದೇಶಕರು ಹೌಹಾರಿದರು. ಕಡೆಯ ಸೀನೊಂದು ಬಿಟ್ಟು ಸಿನಿಮಾ ಪೂರ್ತಿ ಆ ಗಂಟುಗಂಟು ಕೂದಲಲ್ಲೇ ಇದೆ.

ವಾರ್ಡನ್ ನನ್ನ ಮುಖ ನೋಡಿದರು. "ಸರಿ, ಇವತ್ತಿಂದ ಹತ್ತು ದಿನ ಹಿಡಿದಿಟ್ಟಿರ್ತೀನಿ. ಅದಕ್ಕಿಂತ ಆಗಲ್ಲ. ಮುಂದಿನ ತಿಂಗಳು ಇವಳಿಗೆ ಹದಿನೆಂಟು ತುಂಬುತ್ತೆ, ಆಮೇಲೆ ಸೇರಿಸ್ಕೊಳ್ಳೋಕೂ ಬರಲ್ಲ."

ಅಲ್ಲೇ ಲೆಕ್ಕ ಹಾಕಿದೆ. ಇವತ್ತು ಇಪ್ಪತ್ತೊಂದು. ಉದ್ದ ಕೂದಲಿನ ಕಡೆಯ ಸೀನು ದಿನ ಮೂವತ್ತಕ್ಕೆ. ಮೂವತ್ತೊಂದಕ್ಕೆ ಹಾಸಿಗೆ. ಸರಿಯಾಗಿ ಕೂತಿತು.

"ಮರೀಬೇಡಿ ಅಕ್ಕಾ."

"ಇಪ್ಪತ್ತು ವರ್ಷದಿಂದ ಮರೆಯದೇ ಇರೋದೇ ನನ್ನ ಕೆಲಸ ಕಣೇ."

ಮಾರ್ಚ್ 7.
ಕ್ಯಾಮೆರಾ ಕೈಕೊಟ್ಟಿತು. ಶೂಟಿಂಗ್ ಇಲ್ಲ. ಮಧ್ಯಾಹ್ನವೆಲ್ಲ ನಿದ್ದೆ.

ಮಾರ್ಚ್ 11. ದಿನ 26.
ನಿನ್ನೆ ರಜೆ. ಇವತ್ತು ಒಂಬತ್ತು ಶಾಟ್. ಹೀರೋಯಿನ್ ತಲೆ ತಿಂದಳು... ಅಲ್ಲಿ ದಿಂಬು ಕೊಡ್ತಾರಾ? ಗೋಡೆ ಪಕ್ಕದ ಹಾಸಿಗೇನಾ? ದೀಪ ಯಾರು ಆರಿಸ್ತಾರೆ? ವ್ಯಾನಿನಲ್ಲಿ ಹಳೇ ಸೀರೆಯೊಂದನ್ನು ಬೆಡ್‌ಶೀಟ್ ಮಾಡಿಕೊಂಡು ಮಡಚುವುದನ್ನು ಕಲಿಯುತ್ತಿದ್ದಾಳೆ. ನನಗೂ ಖುಷಿ. ಸುಳ್ಳೇಕೆ, ಹೆಮ್ಮೆಯೂ ಇದೆ.

ಮಾರ್ಚ್ 13.
ಬಸ್ ನಿಲ್ದಾಣದಲ್ಲಿ ಅನುಮತಿ ಸಿಗಲಿಲ್ಲ. ಎರಡನೇ ದಿನವೂ ನೊಣ ಹೊಡೆಯುತ್ತಾ ಕೂತೆವು.

"ಇವತ್ತು ಲೆಕ್ಕಕ್ಕಾ ಅಕ್ಕಾ?" ಎಂದು ಕೇಳಿದಳು.

"ಶೂಟಿಂಗ್ ಇಲ್ಲದ ದಿನ ಲೆಕ್ಕಕ್ಕಿಲ್ಲ," ಎಂದೆ.

ಮಾರ್ಚ್ 17. ದಿನ 30.
ಉದ್ದ ಕೂದಲು ಮುಗಿಯಿತು! ನಾನೇ ಕತ್ತರಿ ಹಿಡಿದೆ. ಎರಡು ಸಲ ಶಾಂಪೂ. ಉಗುರಿನ ಮಣ್ಣನ್ನು ಬ್ರಶ್ ಹಾಕಿ ಉಜ್ಜಿ ತೆಗೆದೆ. ಕೊಳೆಯ ಕೆಳಗಿನಿಂದ ಪುಟ್ಟ ಮುಖವೊಂದು ಬಂತು. ಅವಳು ಕನ್ನಡಿ ಬಿಟ್ಟು ಕದಲಲಿಲ್ಲ. ನಾಳೆ ಒಂಬತ್ತಕ್ಕೆ ಹಾಸ್ಟೆಲ್.

ಮಾರ್ಚ್ 18.
ಹಾಸಿಗೆ ಇಲ್ಲ.

"ಹದಿನಾಲ್ಕರ ತನಕ ಕಾದೆ. ಹದಿನೈದಕ್ಕೆ ಇನ್ನೊಂದು ಹುಡುಗಿ ಬಂದ್ಳು. ಬೀದೀಲಿ ನಿಲ್ಲಿಸೋಕಾಗುತ್ತಾ?" ಎಂದರು ವಾರ್ಡನ್.

"ಇವತ್ತು ದಿನ ಮೂವತ್ತೊಂದು..." ಎಂದು ಶುರುಮಾಡಿದೆ. ಅವರು ನನ್ನನ್ನೇ ನೋಡಿದರು. "ಯಾವ ಮೂವತ್ತೊಂದು? ಇವತ್ತು ಹದಿನೆಂಟನೇ ತಾರೀಖು."

ಆಗ ತಿಳಿಯಿತು. ಕ್ಯಾಮೆರಾ ಕೆಟ್ಟ ದಿನ, ರಜೆಯ ದಿನ, ಅನುಮತಿಗೆ ಕೂತ ಎರಡು ದಿನ, ನಾಲ್ಕನ್ನೂ ಬಿಟ್ಟು ಎಣಿಸಿದ್ದೆ. ತಾರೀಖು ಈ ಡೈರಿಯಲ್ಲೇ ಅಚ್ಚಾಗಿದೆ. ದಿನವೂ ಅದರ ಕೆಳಗೇ ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ಗುಂಡಿ ತಪ್ಪಿಲ್ಲ ನನಗೆ, ಒಂದು ಬಳೆ ತಪ್ಪಿಲ್ಲ.

ಅವಳು ಅಳಲಿಲ್ಲ. "ಹಾಗಾದ್ರೆ ಸುಮ್ನೆ ಕೂತಿದ್ದ ದಿನಾನೂ ಲೆಕ್ಕಕ್ಕೆ ಬಂತಾ ಅಕ್ಕಾ?" ಎಂದಳು.

ಇನ್ನೂ ಮೂರು ಕಡೆ ಫೋನ್ ಮಾಡಿದೆ. ಹದಿನೆಂಟಕ್ಕೆ ಒಂದು ತಿಂಗಳೂ ಇಲ್ಲ, ಬೇಡ ಎಂದರು. ನಮ್ಮನೆಗೆ ಬಾ ಎನ್ನಲಿಲ್ಲ ನಾನು. ಬಾಯಿವರೆಗೆ ಬಂದಿತ್ತು. ಅತ್ತಿಗೆಯ ಮುಖ ನೆನಪಾಯಿತು, ನುಂಗಿಕೊಂಡೆ. ನಾಚಿಕೆಯಾಗುತ್ತಿದೆ.

ಮತ್ತೆ ವ್ಯಾನಿಗೆ ಕರೆದುಕೊಂಡು ಬಂದೆ. ವ್ಯಾನು ಇರುವುದು ಇಪ್ಪತ್ತನೇ ತಾರೀಖಿನವರೆಗೆ.

ಮಾರ್ಚ್ 20. ಮಧ್ಯಾಹ್ನ 3.
ಕಡೆಯ ಸೀನು. ಅದೇ ಹಾಸ್ಟೆಲು, ಅದೇ ಗೇಟು. ಕಥೆಯಲ್ಲಿ ಹುಡುಗಿಗೆ ಆಸರೆ ಸಿಗುತ್ತದೆ. ವಾರ್ಡನ್ ಪಾತ್ರದವರು ಕೈ ಹಿಡಿದು ಒಳಗೆ ಕರೆದುಕೊಳ್ಳುತ್ತಾರೆ, ಗೇಟು ಮುಚ್ಚುತ್ತದೆ. ಇದನ್ನು ಇವಳ ಕೈಲಿ ಮಾಡಿಸಬೇಡಿ, ಬೇರೆ ಗೇಟು ಹುಡುಕೋಣ ಎಂದೆ. "ಸಿನಿಮಾದಲ್ಲಾದ್ರೂ ಒಳಗೆ ಹೋಗ್ಲಿ ಬಿಡಿ ಮೇಡಂ," ಎಂದರು ನಿರ್ದೇಶಕರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಇನ್ನೂ ಸಿಟ್ಟು ಬಂತು.

ಟೇಕ್ ಒಂದು. ಒಳಗೆ ಹೋದಳು. ಕಟ್. ಹೊರಗೆ ಬಂದು ಗುರುತಿನ ಮೇಲೆ ನಿಂತಳು.
ಟೇಕ್ ಎರಡು. ಹೋದಳು, ಬಂದಳು.
ಟೇಕ್ ಮೂರಕ್ಕೆ ಕಾಗೆ ಕೂಗಿತು, ಸೌಂಡ್‌ನವರು ಬೇಡ ಎಂದರು. ಬಂದಳು.
ಟೇಕ್ ನಾಲ್ಕು. ಗೇಟು ಮುಚ್ಚಿತು. ಕಟ್. ಓಕೆ. ಪ್ಯಾಕಪ್. ಎಲ್ಲರೂ ಚಪ್ಪಾಳೆ, ಅಪ್ಪುಗೆ, ಫೋಟೋ. ಅವಳು ಬರಲಿಲ್ಲ.

ಹೋಗಿ ನೋಡಿದರೆ ಒಳಗಿನಿಂದ ಚಿಲಕ ಹಿಡಿದು ನಿಂತಿದ್ದಳು. ನಿಜವಾದ ವಾರ್ಡನ್ ಒಂದೊಂದೇ ಬೆರಳು ಬಿಡಿಸುತ್ತಿದ್ದರು, ಮೆಲ್ಲಗೆ.

"ಇನ್ನೊಂದು ಟೇಕ್ ಬೇಡ್ವಾ ಅಕ್ಕಾ?"

ವ್ಯಾನಿನವನು ಬಟ್ಟೆ ಇಳಿಸುತ್ತಿದ್ದಾನೆ. ನಾನು ಕಂಟಿನ್ಯುಟಿ ಶೀಟ್ ತುಂಬಿ ಕೊಡಬೇಕು. ಟೇಕ್ 4, ಓಕೆ. ಹುಡುಗಿ ಒಳಗೆ ಹೋಗುತ್ತಾಳೆ. ಗೇಟು ಮುಚ್ಚುತ್ತದೆ. ಆಮೇಲೆ ಅವಳು —