ಮೂವತ್ತೈದು ನಿಮಿಷದ ದಾರಿ

ಹದಿನೆಂಟನೇ ತಾರೀಕು, ಸೋಮವಾರ

ಗುಬ್ಬಿಯ ಅಪ್ಪನಿಗೆ,

ಕ್ಷೇಮ ಎಂದು ಶುರುಮಾಡಲು ಕೈ ಬರುತ್ತಿಲ್ಲ. ನಿಮ್ಮ ಕ್ಷೇಮ ಕೇಳಲು ಮುಖವಿಲ್ಲ. ನಿಮ್ಮ ಕಾಗದ ಬಂದು ಹನ್ನೊಂದು ದಿನವಾಯಿತು. ಈ ತಿಂಗಳ ಮೂವತ್ತೊಂದಕ್ಕೆ ನಮ್ಮ ಎರಡೂ ಊರುಗಳ ನಡುವಿನ ವಿಮಾನ ನಿಲ್ಲುತ್ತದೆ, ಅಷ್ಟರೊಳಗೆ ಬಂದುಬಿಡು ಎಂದು ಬರೆದಿದ್ದೀರಿ. ಆ ಸುದ್ದಿಯನ್ನು ದಿನಕ್ಕೆರಡು ಸಲ ಮೈಕಿನಲ್ಲಿ ಹೇಳುವವಳೇ ನಾನು. ನನಗೇ ನೆನಪಿಸುತ್ತೀರಲ್ಲ!

ನಿಮ್ಮ ನಿಲ್ದಾಣವೂ ನಮ್ಮದರಂತೆಯೇ: ಒಂದು ರನ್‌ವೇ, ಎರಡು ಕೌಂಟರು, ಕಾಲು ಮುರಿದ ಒಂದು ಬೆಂಚು. ಆಕಾಶದಲ್ಲಿ ಮೂವತ್ತೈದು ನಿಮಿಷ, ಬೆಟ್ಟ ಬಳಸಿ ರಸ್ತೆಯಲ್ಲಿ ಒಂಬತ್ತು ಗಂಟೆ. ನಿಮಗೆ ಅಲ್ಲಿಗೆ ವರ್ಗವಾದಾಗ ಗುಬ್ಬಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು, ಅಪ್ಪ ಇರೋದು ಒಂದೇ ಪೆಪ್ಪರಮೆಂಟು ದೂರದಲ್ಲಿ ಎಂದು. ಹತ್ತುವಾಗ ಬಾಯಿಗೆ ಹಾಕಿಕೊಂಡರೆ ಇಳಿಯುವಾಗ ಕರಗಿರುತ್ತಿತ್ತಂತೆ.

ನಾಲ್ಕು ವರ್ಷವಾದರೂ ಆ ಬೆಳಿಗ್ಗೆ ನನ್ನನ್ನು ಬಿಟ್ಟಿಲ್ಲ. ಮಗುವಿಗೆ ಉಸಿರು ಕಟ್ಟುತ್ತಿತ್ತು. ದೊಡ್ಡಾಸ್ಪತ್ರೆ ಇದ್ದದ್ದು ನಿಮ್ಮೂರಿನಲ್ಲಿ. ಇಲ್ಲಿ ವಿಮಾನ ಸಿದ್ಧವಿತ್ತು, ಅಲ್ಲಿ ಮಂಜು. ಹವಾಮಾನ ನೋಡಿ ಬರೆಯುವವರು ನೀವು. ಬೇಲಿಯಾಚೆಯ ನೀರಿನ ಟ್ಯಾಂಕು ಕಂಡರೆ ಸಾವಿರದೈನೂರು ಮೀಟರ್‌ವರೆಗೆ ಕಣ್ಣಿಗೆ ಕಾಣುತ್ತಿದೆ ಎಂದು ಲೆಕ್ಕ, ವಿಮಾನ ಬರಬಹುದು. ನೀವು ಎಂಟುನೂರು ಎಂದು ಬರೆದಿರಿ. ಟ್ಯಾಂಕು ಕಾಣಿಸ್ತಿದೆ ಅಂತ ಬರೀರಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದು ಫೋನಿನಲ್ಲಿ ಗೋಗರೆದೆ. ಕಾಣದ್ದನ್ನ ಕಾಣ್ತಿದೆ ಅಂತ ಹೇಗೆ ಬರೀಲಿ, ಬರೋ ವಿಮಾನದಲ್ಲಿ ಅವಳೇ ಇರ್ತಾಳಲ್ಲೇ ಎಂದಿರಿ. ಅಷ್ಟರಲ್ಲಿ ಸ್ಪೀಕರಿನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ನನ್ನದೇ ದನಿ ವಿಮಾನ ತಡವಾದದ್ದಕ್ಕೆ ನನ್ನ ಬಳಿಯೇ ವಿಷಾದ ವ್ಯಕ್ತಪಡಿಸಿತು.

ಅಣ್ಣ ಕಾರು ತಂದ. ಆರನೇ ಗಂಟೆಯಲ್ಲಿ, ಬೆಟ್ಟದ ಒಂದು ತಿರುವಿನಲ್ಲಿ, ಗುಬ್ಬಿ ನನ್ನ ತೊಡೆಯ ಮೇಲೆಯೇ ಹೋದಳು.

ಅಂದಿನಿಂದ ಅಣ್ಣ ನಿಮ್ಮ ಸುದ್ದಿ ಎತ್ತುವುದಿಲ್ಲ. ಅತ್ತೆ ನನ್ನ ಜೊತೆಗೇ ಇದ್ದಾರೆ; ಹೆತ್ತ ಮಗನ ಫೋನ್ ಬಂದರೆ ಎದ್ದು ಒಳಗೆ ಹೋಗುತ್ತಾರೆ. ನಾಲ್ಕು ಅಂಕಿ ಬರೆಯೋಕೆ ಅವನ ಕೈಗೇನಾಗಿತ್ತು ಎಂದು ಈಗಲೂ ಕೇಳುತ್ತಾರೆ. ನಾನು ತಲೆ ತಗ್ಗಿಸಿ ಪಾತ್ರೆ ತೊಳೆಯುತ್ತಿರುತ್ತೇನೆ.

ನಾನು ಬರುವುದಿಲ್ಲ. ಕೊನೆಯ ವಿಮಾನದ ಪ್ರಯಾಣಿಕರನ್ನು ಕರೆದು, ಮೈಕ್ ಆರಿಸಿ ಮನೆಗೆ ಹೋಗುತ್ತೇನೆ. ಆಮೇಲೆ ನಮ್ಮ ನಡುವೆ ಒಂಬತ್ತು ಗಂಟೆಯೇ ಇರಲಿ. ಯಾಕೆಂದು ಕೇಳಬೇಡಿ ಎಂದು ಬರೆಯಹೊರಟಿದ್ದೆ. ಆದರೆ ನೀವು ಹೇಗೂ ಕೇಳುವವರಲ್ಲ. ಅದೇ ನನ್ನನ್ನು ಕೊಲ್ಲುತ್ತಿರುವುದು.

ಇಂತಿ,
ಗುಬ್ಬಿಯ ಅಮ್ಮ

ಮತ್ತೆ: ಇದು ಮರೆತ ಮಾತಲ್ಲ, ಮುಚ್ಚಿಟ್ಟದ್ದು. ನಾವು ಕಾರು ಹತ್ತುವ ಮುನ್ನ ನೀವು ಮತ್ತೆ ಫೋನ್ ಮಾಡಿದಿರಿ. ಟ್ಯಾಂಕಿನ ತುದಿ ಕಾಣಿಸ್ತಿದೆ, ಇನ್ನರ್ಧ ಗಂಟೆ ಕಾಯಿ, ರಸ್ತೇಲಿ ಹೊರಡಬೇಡ ಎಂದಿರಿ. ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಯಾರದು ಎಂದ ಅಣ್ಣನಿಗೆ ರಾಂಗ್ ನಂಬರ್ ಎಂದೆ. ಇಷ್ಟು ವರ್ಷ ನೀವೂ ಅದನ್ನು ಯಾರಿಗೂ ಹೇಳಲಿಲ್ಲ. ಈ ಸಲ ನೀವು ಫೋನ್ ಮಾಡಿದಾಗ ಅತ್ತೆಯನ್ನು ಒಳಗೆ ಹೋಗಗೊಡದೆ ಅವರ ಕೈಗೇ ಕೊಡುತ್ತೇನೆ; ಈ ಕಾಗದವನ್ನು ಅವರಿಗೆ ಓದಿ ಹೇಳಿ, ನನ್ನಿಂದಾಗದು. ನಿಮಗೂ ಗೊತ್ತಿಲ್ಲದ್ದು ಇನ್ನೊಂದಿದೆ. ಹೊರಟು ಒಂದು ಗಂಟೆಯಾಗಿತ್ತು, ವಿಮಾನ ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ಗುಬ್ಬಿ ಕಣ್ಣು ಬಿಟ್ಟು, ಅಮ್ಮಾ ಅದು ನಮ್ದಲ್ವಾ ಎಂದಳು. ಅಲ್ಲ ಕಂದ, ಬೇರೆಯವರದು ಎಂದೆ.